ಓಮನ ಚೇಚ್ಚಿಯ ಬಲಗೈ

ಹೋದ ಭಾನುವಾರ ಬೀರು ಚೊಕ್ಕಟ ಮಾಡುತ್ತಿದ್ದಾಗ ತಳದಲ್ಲಿ ಒಂದು ಹಳೆಯ ಹತ್ತಿಯ ದುಪಟ್ಟಾ ಸಿಕ್ಕಿತು. ಒಗೆದು ಮಡಿಸಿ ಇಟ್ಟದ್ದೇ, ಆದರೂ ಅಂಚಿನ ತುಂಬ ಹುಲ್ಲಿನ ಮುಳ್ಳು. ಬಟ್ಟೆಗೆ ಅಂಟಿಕೊಂಡು, ಕೀಳಲು ಹೋದರೆ ಇನ್ನಷ್ಟು ಒಳಕ್ಕೆ ನುಗ್ಗುವ ಆ ಚೂಪು ಬೀಜಗಳು ನಿಮಗೂ ಗೊತ್ತಿರುತ್ತವೆ. ಮಗಳು ಮಲ್ಲಿಕಾ ಪಕ್ಕದಲ್ಲಿ ನಿಂತು ನೋಡಿ, “ಅಮ್ಮೇ, ಇದು ಕಳ” ಎಂದಳು. ಮಲಯಾಳದಲ್ಲಿ ಹಾಗೆಂದರೆ ಬಿಸಾಡು ಎಂದರ್ಥ. ನಾನು ಕನ್ನಡದವಳು, ನನಗೆ ಕೇಳಿಸಿದ್ದು ಕಳೆ ಎಂದು. ಎರಡು ಅರ್ಥದಲ್ಲೂ ಅವಳು ಹೇಳಿದ್ದು ಸರಿಯೇ ಇತ್ತು. ಆದರೂ ನಾನು ಅದನ್ನು ಬಿಸಾಡದೆ, ಕಿಟಕಿಯ ಹತ್ತಿರ ಕೂತು ಒಂದೊಂದೇ ಮುಳ್ಳನ್ನು ಉಗುರಿನಿಂದ ಎಳೆಯತೊಡಗಿದೆ. ಅಡುಗೆಮನೆಯಲ್ಲಿ ಅನ್ನ ತಳ ಹಿಡಿಯಿತು.

ಹುಳ ಎಣಿಸುವುದು ನನ್ನ ಕೆಲಸವಾಗಿತ್ತು. ತಮಾಷೆಯಲ್ಲ, ನಿಜವಾಗಿಯೂ ಅದೇ ಕೆಲಸ. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನಾನು ತಾಂತ್ರಿಕ ಸಹಾಯಕಿ. ಒಂಬತ್ತು ವರ್ಷ ಒಂದೇ ಹುಲ್ಲುಗಾವಲಿಗೆ ಪ್ರತಿ ತಿಂಗಳು ಹೋಗಿ, ಅಲ್ಲಿ ಎಷ್ಟು ಬಗೆಯ ಹುಳ, ಎಷ್ಟೆಷ್ಟು ಇವೆ ಎಂದು ಬರೆದುಕೊಂಡು ಬಂದವಳು. ಮೊದಲ ವರ್ಷ ಇದನ್ನು ಫೋನಿನಲ್ಲಿ ವಿವರಿಸಿದಾಗ ರಾಣೆಬೆನ್ನೂರಿನಲ್ಲಿರುವ ನಮ್ಮಕ್ಕ, “ಅಲ್ಲವ್ವ ಗಿರಿಜಾ, ಮನ್ಯಾಗ ಜೊಂಡಿಗ್ಯಾ ಕಂಡ್ರ ಮಂಚದ ಮ್ಯಾಲ ಹತ್ತಿ ನಿಲ್ಲಾಕಿ ನೀನು. ನಿನಗ ಹುಳಾ ಎಣಸಾಕ ಸರಕಾರ ಪಗಾರಾ ಕೊಡತೈತೇನ?” ಎಂದಿದ್ದಳು. ಜೊಂಡಿಗ ಎಂದರೆ ಜಿರಲೆ. ಈಗಲೂ ಹತ್ತಿ ನಿಲ್ಲುತ್ತೇನೆ. ಹೊಲದ ಹುಳ ಬೇರೆ, ಮನೆಯ ಹುಳ ಬೇರೆ ಎಂದು ನಾನು ವಾದಿಸಿದೆ, ಅಕ್ಕ ಒಪ್ಪಲಿಲ್ಲ.

ನಮ್ಮಪ್ಪ ತೂಕ ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಕಿರಾಣಿ ಅಂಗಡಿಗಳ ತಕ್ಕಡಿ, ಬಟ್ಟೆ ಅಂಗಡಿಗಳ ಗಜಕೋಲು, ಸೀಮೆಎಣ್ಣೆಯ ಲೀಟರ್ ಡಬ್ಬಿ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ. ಅವರಿಂದಾಗಿ ನಮ್ಮ ಮನೆಯಲ್ಲಿ ಯಾವ ಅಳತೆಯ ಮೇಲೂ ನಂಬಿಕೆಯಿರಲಿಲ್ಲ. ಅವ್ವ ಸೇರಿನಲ್ಲಿ ಜೋಳ ಅಳೆದರೆ ಅಪ್ಪ ಅದನ್ನು ಅಂಗೈಯಿಂದ ಸವರಿ, “ಇದು ಸೇರಲ್ಲ, ಅಂದಾಜು” ಎನ್ನುತ್ತಿದ್ದರು. ನನಗೆ ಜ್ವರ ಬಂದರೆ ಎರಡು ಥರ್ಮಾಮೀಟರ್ ಇಡುತ್ತಿದ್ದರು. ಎರಡೂ ಬೇರೆ ಬೇರೆ ತೋರಿಸಿದರೆ ಅವರ ಮುಖ ಅರಳುತ್ತಿತ್ತು. ಜ್ವರವಂತೂ ತನ್ನಷ್ಟಕ್ಕೆ ತಾನು ಇರುತ್ತಿತ್ತು. ಅಂಥವರ ಮಗಳು ನಾನು, ಆದರೂ ಒಂಬತ್ತು ವರ್ಷ ಒಂದೇ ಒಂದು ಅಳತೆಯನ್ನು ಕಣ್ಣು ಮುಚ್ಚಿ ನಂಬಿದೆ. ಆ ಕಥೆಯನ್ನೇ ಹೇಳಲು ಹೊರಟಿರುವುದು.

ನಮ್ಮ ಹುಲ್ಲುಗಾವಲು ಇದ್ದದ್ದು ತುಂಬಾ ಎಂಬ ಊರಿನ ಕಡಲ ದಂಡೆಯಿಂದ ಸ್ವಲ್ಪ ಒಳಗೆ. ಒಂದು ಕಡೆ ತೆಂಗಿನ ಸಾಲು, ಇನ್ನೊಂದು ಕಡೆ ರಸ್ತೆ, ನಡುವೆ ಮರಳು ಬೆರೆತ ನೆಲದಲ್ಲಿ ಸೊಂಟದವರೆಗೆ ಹುಲ್ಲು. ಬಯಲುಸೀಮೆಯಿಂದ ಬಂದ ನನಗೆ ಈ ಊರಿನ ಹಸಿರಿನಲ್ಲಿ ಉಸಿರು ಕಟ್ಟುತ್ತಿತ್ತು. ಎಲ್ಲಿ ನೋಡಿದರೂ ಮರ, ಮರದ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಇನ್ನೊಂದು ಬಳ್ಳಿ. ಇದೊಂದು ತುಂಡು ನೆಲದಲ್ಲಿ ಮಾತ್ರ ಆಕಾಶ ನೆಲದವರೆಗೂ ಇಳಿದು ಬರುತ್ತಿತ್ತು. ಊರಿನವರು ಅದನ್ನು ಸುಮ್ಮನೆ ‘ಪರಂಬು’ ಎನ್ನುತ್ತಿದ್ದರು. ಖಾಲಿ ಜಾಗ ಎಂಬ ಹಾಗೆ.

ಓಮನ ಚೇಚ್ಚಿ, ಎಂದರೆ ಓಮನ ಅಕ್ಕ, ನಮ್ಮ ಕಚೇರಿಯ ದಿನಗೂಲಿ. ಅಲ್ಲಿಯೇ ಹತ್ತಿರದ ಮೀನುಗಾರರ ಕುಟುಂಬದವಳು, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಲುಂಗಿ, ಅದರ ಮೇಲೆ ಗಂಡನ ಉದ್ದ ತೋಳಿನ ಅಂಗಿ, ತಲೆಗೆ ಸುತ್ತಿದ ಟವೆಲ್, ಬರಿಗಾಲು. ಬೇರೆಯವರ ಮುಂದೆ ನನ್ನನ್ನು ‘ಮೇಡಂ’ ಎನ್ನುತ್ತಿದ್ದಳು, ನಾವಿಬ್ಬರೇ ಇದ್ದಾಗ ‘ಮೋಳೇ’. ಮಗಳೇ ಎಂದು. ಮಧ್ಯಾಹ್ನ ಬೇಯಿಸಿದ ಮರಗೆಣಸು, ಮೀನಿನ ಸಾರು ತರುತ್ತಿದ್ದಳು. ನಾನು ಮೀನು ತಿನ್ನುವವಳಲ್ಲ ಎಂದು ಗೊತ್ತಾದ ಮೇಲೆ ನನ್ನ ಪಾಲಿನ ಗೆಣಸಿಗೆ ಸಣ್ಣ ಮೆಣಸಿನಕಾಯಿಯ ಚಟ್ನಿಯನ್ನು ಬೇರೆ ಡಬ್ಬಿಯಲ್ಲಿ ತರುತ್ತಿದ್ದಳು. ಅದು ಮೀನಿನ ಡಬ್ಬಿಗೆ ತಾಗದಂತೆ ನಡುವೆ ಬಾಳೆಲೆ ಮಡಿಸಿ ಇಟ್ಟಿರುತ್ತಿದ್ದಳು.

ಹುಳ ಹಿಡಿಯುವುದಕ್ಕೆ ಹಲವು ಉಪಾಯಗಳಿವೆ. ನೆಲದಲ್ಲಿ ಪ್ಲಾಸ್ಟಿಕ್ ಲೋಟ ಹೂತು ಸೋಪಿನ ನೀರು ತುಂಬಿಟ್ಟರೆ ನಡೆಯುವ ಹುಳಗಳು ಬೀಳುತ್ತವೆ. ಹಳದಿ ಬೋಗುಣಿಯಲ್ಲಿ ನೀರಿಟ್ಟರೆ ಹೂವೆಂದು ಮೋಸಹೋಗಿ ಹಾರುವ ಹುಳಗಳು ಬೀಳುತ್ತವೆ. ಲೋಟದ ನೀರನ್ನು ಬೀದಿನಾಯಿ ಕುಡಿಯುತ್ತಿತ್ತು. ಬೋಗುಣಿ ಹತ್ತು ಇಟ್ಟರೆ ಮರುದಿನ ಏಳು ಸಿಗುತ್ತಿದ್ದವು, ಉಳಿದ ಮೂರು ಯಾರದೋ ಅಡುಗೆಮನೆ ಸೇರಿರುತ್ತಿದ್ದವು. ಒಂದೇ ದಿನ ಒಂದೇ ಜಾಗದಲ್ಲಿ ಲೋಟ ನೋಡಿದರೆ ಇದು ಇರುವೆಗಳ ಊರು, ಬೋಗುಣಿ ನೋಡಿದರೆ ನೊಣ ಮತ್ತು ಕಣಜಗಳ ಊರು. ಬಲೆ ಬೀಸಿದರೆ ಮಿಡತೆ, ಜಿಗಿಹುಳು, ಗುಲಗಂಜಿ ಹುಳು. ಯಾವುದೂ ಸುಳ್ಳಲ್ಲ. ಯಾವುದೂ ಪೂರ್ತಿಯಲ್ಲ.

ಕೊನೆಗೆ ನಮ್ಮ ಹಿರಿಯ ವಿಜ್ಞಾನಿ ಕುರಿಯನ್ ಸಾರ್ ಬಲೆಯನ್ನೇ ಮುಖ್ಯ ಮಾಡಿಕೊಂಡರು. ಕಬ್ಬಿಣದ ಬಳೆ, ಅದಕ್ಕೆ ದಪ್ಪ ಬಟ್ಟೆಯ ಚೀಲ, ಮರದ ಹಿಡಿ. ನೂರು ಹೆಜ್ಜೆ ನಡೆಯಬೇಕು, ಹೆಜ್ಜೆಗೊಮ್ಮೆ ಹುಲ್ಲನ್ನು ಬಲಕ್ಕೆ ಒಮ್ಮೆ ಎಡಕ್ಕೆ ಒಮ್ಮೆ ಗುಡಿಸಿದಂತೆ ಬೀಸಬೇಕು. ಕೇಳಲು ಸುಲಭ. ನಾನು ಬೀಸಿದ ಮೊದಲ ದಿನ ಚೀಲದಲ್ಲಿ ಸಿಕ್ಕಿದ್ದು ಮುಕ್ಕಾಲು ಪಾಲು ಹುಲ್ಲು, ಒಂದು ಬೀಡಿ ತುಂಡು, ಗಾಬರಿಯಾದ ನಾಲ್ಕು ಹುಳ. ಓಮನ ಚೇಚ್ಚಿ ನಕ್ಕು ಬಲೆ ಕಸಿದುಕೊಂಡಳು. ಅವಳು ಬೀಸಿದರೆ ಹುಲ್ಲು ಬಾಗಿ ಏಳುತ್ತಿತ್ತು, ಸುಯ್ ಸುಯ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿತ್ತು, ಕೊನೆಯಲ್ಲಿ ಮಣಿಕಟ್ಟನ್ನು ಒಮ್ಮೆ ತಿರುಗಿಸಿದರೆ ಚೀಲದ ಬಾಯಿ ತಾನಾಗಿ ಮಡಚಿಕೊಳ್ಳುತ್ತಿತ್ತು. ಒಳಗೆ ಮಳೆ ಬಿದ್ದಂತೆ ಹುಳಗಳು ಪಟಪಟ ಬಡಿಯುತ್ತಿದ್ದವು.

ಅಂದೇ ಕುರಿಯನ್ ಸಾರ್ ಕಟ್ಟಪ್ಪಣೆ ಮಾಡಿದರು. “ಇನ್ನು ಮುಂದೆ ಓಮನ ಒಬ್ಬಳೇ ಬೀಸಲಿ. ಗಿರಿಜಾ ಬೀಸಿದರೆ ಒಂದು ಲೆಕ್ಕ, ನಾನು ಬೀಸಿದರೆ ಇನ್ನೊಂದು ಲೆಕ್ಕ. ಕೈ ಮಾತ್ರ ಬದಲಾಗಬಾರದು. ಕೈ ಒಂದೇ ಆದರೆ, ವ್ಯತ್ಯಾಸ ಬಂದದ್ದು ಹುಳದಲ್ಲಿ ಎಂದು ಧೈರ್ಯವಾಗಿ ಹೇಳಬಹುದು.” ಓಮನ ಚೇಚ್ಚಿ ತಲೆಯಾಡಿಸಿದಳು. ಅವಳು ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂದು ನಮಗಿಬ್ಬರಿಗೂ ಆಗ ಗೊತ್ತಾಗಲಿಲ್ಲ.

ಹೀಗೆ ಆರು ವರ್ಷ ನಡೆಯಿತು. ಅವಳು ಮುಂದೆ ಬೀಸುತ್ತಾ, ನಾನು ಹಿಂದೆ ಬರೆಯುತ್ತಾ. ಬಿಸಿಲೇರಿದರೆ ಹುಳಗಳು ಹುಲ್ಲಿನ ಬುಡಕ್ಕೆ ಇಳಿಯುತ್ತವೆ, ಬಲೆಗೆ ಸಿಗುವುದಿಲ್ಲ. ಆದ್ದರಿಂದ ಎಂಟು ಗಂಟೆಗೇ ಶುರು. ಮಳೆ ಬಂದರೆ ಬಟ್ಟೆ ನೆನೆದು ಹುಳ ಅಂಟಿಕೊಂಡು ಮುದ್ದೆಯಾಗುತ್ತದೆ, ಆದ್ದರಿಂದ ಮಳೆಯಲ್ಲಿ ಇಲ್ಲ. ಗಾಳಿ ಜೋರಿದ್ದರೆ ಇಲ್ಲ. ನಾವು ಇಷ್ಟೆಲ್ಲ ಎಚ್ಚರಿಕೆ ವಹಿಸುತ್ತಿದ್ದೆವು. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಗಾಳಿ, ಮಳೆ, ಬಿಸಿಲು, ಗಂಟೆ ಎಲ್ಲಕ್ಕೂ ನನ್ನ ಪುಸ್ತಕದಲ್ಲಿ ಒಂದೊಂದು ಕಾಲಂ ಎಳೆದಿದ್ದೆ.

ಏಳನೆಯ ವರ್ಷ ಪಕ್ಕದ ಜಾಗಕ್ಕೆ ಲಾರಿಗಳಲ್ಲಿ ಕೆಂಪು ಮಣ್ಣು ಬಂದು ಬಿತ್ತು. ಯಾವುದೋ ಒಂದು ಕಂಪನಿ ಅಲ್ಲಿ ಗೋದಾಮು ಕಟ್ಟುತ್ತದೆಂದೂ, ನಮ್ಮ ಹುಲ್ಲುಗಾವಲನ್ನೂ ಕೇಳಿದೆಯೆಂದೂ ಸುದ್ದಿಯಾಯಿತು. ಅದೇ ವರ್ಷ ನಮ್ಮ ಹುಳಗಳ ಸಂಖ್ಯೆ ಇಳಿಯಿತು. ಮುಂದಿನ ವರ್ಷ ಇನ್ನೂ ಇಳಿಯಿತು. ನಾನು ಕಂಪ್ಯೂಟರಿನಲ್ಲಿ ಗೆರೆ ಎಳೆದು ನೋಡಿದೆ. ಆರು ವರ್ಷ ಹೆಚ್ಚು ಕಡಿಮೆ ಸಮತಟ್ಟಾಗಿ ಬಂದ ಗೆರೆ, ಮಣ್ಣು ಬಿದ್ದ ಮಳೆಗಾಲದಿಂದ ಮೆಟ್ಟಿಲಿಳಿದಂತೆ ಇಳಿದಿತ್ತು. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ಅದನ್ನು ನೋಡಿ ನನಗೆ ಸಂತೋಷವೇ ಆಯಿತು. ಅಷ್ಟು ಚೆಂದದ ಗೆರೆ ನನ್ನ ಜೀವನದಲ್ಲಿ ಎಳೆದಿರಲಿಲ್ಲ. ಅದನ್ನು ಬಣ್ಣದಲ್ಲಿ ಮುದ್ರಿಸಿ ಮೇಜಿನ ಎದುರು ಅಂಟಿಸಿಕೊಂಡೆ. ಊರಿನವರು ಹುಲ್ಲುಗಾವಲನ್ನು ಉಳಿಸಿ ಎಂದು ಅರ್ಜಿ ಕೊಟ್ಟಾಗ ಅದಕ್ಕೆ ಲಗತ್ತಿಸಿದ್ದೂ ಆ ಗೆರೆಯನ್ನೇ. ಪಕ್ಕದಲ್ಲಿ ಮಣ್ಣು ತುಂಬಿದ್ದಕ್ಕೇ ಇಷ್ಟು ಹುಳ ಹೋದವು, ಇಲ್ಲಿಯೂ ತುಂಬಿದರೆ ಏನೂ ಉಳಿಯುವುದಿಲ್ಲ ಎಂಬುದು ಅವರ ವಾದ. ಕೊಚ್ಚಿಯಲ್ಲಿ ಒಂದು ಸಮಿತಿ ಇದನ್ನು ವಿಚಾರಿಸುತ್ತದೆಂದೂ, ನಾನು ಬಂದು ಅಂಕಿಸಂಖ್ಯೆ ವಿವರಿಸಬೇಕೆಂದೂ ಪತ್ರ ಬಂತು.

ಆ ಸಭೆಗೆ ಇನ್ನು ಎರಡು ವಾರವಿತ್ತು. ಎಂದಿನಂತೆ ಮಾದರಿ ಸಂಗ್ರಹಕ್ಕೆ ಹೋಗಿದ್ದೆವು. ಕೆಲಸ ಮುಗಿಸಿ ತೆಂಗಿನ ನೆರಳಿನಲ್ಲಿ ಕೂತಾಗ ಕಡಲ ಗಾಳಿಗೆ ಓಮನ ಚೇಚ್ಚಿಯ ಟವೆಲ್ ಹಾರಿತು, ತುರುಬು ಬಿಚ್ಚಿಕೊಂಡಿತು. ಅವಳು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ನನ್ನ ಕಡೆ ನೋಡದೆ ಕೇಳಿದಳು:

“ಮೋಳೇ, ಕೂದಲು ಒಂದಿಷ್ಟು ಕಟ್ಟಿಕೊಡ್ತೀಯಾ?”

ಒಂಬತ್ತು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ. ನಾನು ಎದ್ದು ಅವಳ ಹಿಂದೆ ಕೂತೆ. ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು.

“ಕೈಗೇನಾಯ್ತು, ಚೇಚ್ಚಿ?”

“ಏನಿಲ್ಲ. ಮೇಲಕ್ಕೆ ಎತ್ತಕ್ಕಾಗಲ್ಲ, ಅಷ್ಟೆ. ಭುಜದಲ್ಲಿ ಹಿಡಿದುಕೊಳ್ಳುತ್ತೆ.”

“ಯಾವಾಗಿನಿಂದ?”

“ಮಳೆಗಾಲದಿಂದ.”

“ಈ ಮಳೆಗಾಲದಿಂದಲಾ?”

“ಅಲ್ಲ. ಮಗಳ ಮದುವೆ ಆಯ್ತಲ್ಲ, ಆ ಮಳೆಗಾಲ.”

ಮಗಳ ಮದುವೆಗೆ ನಾನು ಹೋಗಿದ್ದೆ. ಬರುವಾಗ ದಾರಿಯಲ್ಲಿ ಮಣ್ಣಿನ ಲಾರಿಗಳು ಸಾಲಾಗಿ ನಿಂತು ನಮ್ಮ ಆಟೋ ಅರ್ಧ ಗಂಟೆ ತಡವಾಗಿತ್ತು. ಅದೇ ಮಳೆಗಾಲ. ನನ್ನ ಕೈಯಲ್ಲಿ ಅವಳ ಕೂದಲು ಹಾಗೇ ಉಳಿಯಿತು.

“ಬಲೆ ಹೇಗೆ ಬೀಸುತ್ತಿದ್ದಿರಿ ಇಷ್ಟು ದಿನ?”

“ಬೀಸುತ್ತಿದ್ದೆ. ನೋವು ಜಾಸ್ತಿ ಇದ್ದ ದಿನ ಕೆಳಗೆ ಹಿಡಿದು ಮೆಲ್ಲಗೆ. ಒಂದೊಂದು ದಿನ ಎಡಗೈಯಲ್ಲಿ. ನೀನು ಬರೀತಾ ಇರ್ತೀಯಲ್ಲ, ತಲೆ ತಗ್ಗಿಸಿಕೊಂಡು.”

“ಯಾಕೆ ಹೇಳಲಿಲ್ಲ, ಚೇಚ್ಚಿ? ಯಾಕೆ?”

“ಕೈ ಬದಲಾಗಬಾರದು ಅಂತ ಸಾರ್ ಹೇಳಿದ್ದರಲ್ಲ. ನಾನು ಬಿಟ್ಟುಬಿಟ್ಟರೆ ನಿಮ್ಮ ಅಷ್ಟು ವರ್ಷದ ಲೆಕ್ಕ ಹಾಳಾಗಲ್ವಾ?” ಎಂದಳು. ಸ್ವಲ್ಪ ಬಿಟ್ಟು, “ಕೆಲಸವೂ ಹೋಗುತ್ತಲ್ಲ” ಎಂದು ಸೇರಿಸಿದಳು.

ತುರುಬು ಕಟ್ಟಿದೆ. ಸರಿಯಾಗಿ ಬರಲಿಲ್ಲ.

ಆ ದಿನ ಮನೆಗೆ ಬಂದು ಉಳ್ಳೂರಿನ ನಮ್ಮ ಬಾಲ್ಕನಿಯಲ್ಲಿ ಕೂತವಳು ಏಳಲೇ ಇಲ್ಲ. ಕೆಳಗೆ ಆಂಬುಲೆನ್ಸುಗಳು ಮೆಡಿಕಲ್ ಕಾಲೇಜಿನ ಕಡೆ ಹೋಗುತ್ತಿದ್ದವು. ನನ್ನ ಗೆರೆ ಇಳಿದದ್ದು ಯಾಕೆ? ಮಣ್ಣು ಬಿದ್ದು ಹುಳ ಕಡಿಮೆಯಾದವೆ, ಭುಜ ಹಿಡಿದು ಬೀಸು ಕಡಿಮೆಯಾಯಿತೆ? ಎರಡೂ ಒಂದೇ ಮಳೆಗಾಲದಲ್ಲಿ ಶುರುವಾಗಿದ್ದವು. ಗಾಳಿಗೆ ಕಾಲಂ ಇತ್ತು, ಮಳೆಗೆ ಕಾಲಂ ಇತ್ತು. ನನ್ನ ಮುಂದೆ ಮೂರು ಹೆಜ್ಜೆ ದೂರದಲ್ಲಿ ನಡೆಯುತ್ತಿದ್ದ ಮನುಷ್ಯಳಿಗೆ ಕಾಲಂ ಇರಲಿಲ್ಲ.

ಮರುದಿನದಿಂದ ನಾಲ್ಕು ದಿನ ನಾವಿಬ್ಬರೂ ಹುಲ್ಲುಗಾವಲಿಗೆ ಹೋದೆವು. ಪರೀಕ್ಷೆ ಮಾಡಿ ತಿಳಿದುಕೊಳ್ಳುತ್ತೇನೆಂದು ನನ್ನ ಹುಂಬತನ. ಅಕ್ಕಪಕ್ಕದ ಎರಡು ಪಟ್ಟಿಗಳಲ್ಲಿ ಒಂದರಲ್ಲಿ ಅವಳು ಬೀಸುವುದು, ಇನ್ನೊಂದರಲ್ಲಿ ನಾನು ಬೀಸುವುದು. ಮೊದಲ ದಿನ ನನ್ನ ಚೀಲದಲ್ಲಿ ಹೆಚ್ಚು ಹುಳ ಬಂದವು. ಎರಡನೆಯ ದಿನ ಅವಳ ಚೀಲದಲ್ಲಿ ಹೆಚ್ಚು. ನೋಡಿದರೆ ಹಲ್ಲು ಕಚ್ಚಿಕೊಂಡು ಬೀಸುತ್ತಿದ್ದಳು, ಹಣೆಯ ಮೇಲೆ ಬೆವರು ದಳದಳ ಇಳಿಯುತ್ತಿತ್ತು.

“ಚೇಚ್ಚಿ, ಹಾಗೆ ಬೇಡ. ದಿನಾ ಬೀಸುವ ಹಾಗೆ ಬೀಸಿ” ಎಂದೆ.

ಅವಳು ನಿಂತು ಬಲೆಯನ್ನು ನೆಲಕ್ಕೂರಿದಳು. “ದಿನಾ ಹೇಗೆ ಬೀಸುತ್ತಿದ್ದೆ ಅಂತ ನನಗೇ ಗೊತ್ತಿಲ್ಲ, ಮೋಳೇ.”

ಉಳಿದ ಎರಡು ದಿನ ಬೇರೆ ಉಪಾಯ. ಸೊಳ್ಳೆಪರದೆ ಹೊದಿಸಿದ ತಳವಿಲ್ಲದ ಚೌಕಟ್ಟನ್ನು ತಟ್ಟನೆ ಹುಲ್ಲಿನ ಮೇಲೆ ಕವುಚಿ, ಒಳಗೆ ಸಿಕ್ಕಿಕೊಂಡ ಹುಳವನ್ನೆಲ್ಲ ಕೈಯಿಂದ ಆರಿಸುವುದು. ಬಹಳ ನಿಧಾನ, ಆದರೆ ತಪ್ಪಿಸಿಕೊಳ್ಳುವ ಹುಳ ಕಡಿಮೆ. ಹೊಟ್ಟೆಯ ಮೇಲೆ ಮಲಗಿ ಆರಿಸಿದೆ. ಬುಡದಲ್ಲಿ, ಒಣಗಿದ ಎಲೆಯ ಅಡಿಯಲ್ಲಿ, ನನ್ನ ಬಲೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಹುಳಗಳು ಆರಾಮವಾಗಿ ಓಡಾಡುತ್ತಿದ್ದವು. ಕೆಲವನ್ನು ನಾನು ಅಲ್ಲಿ ನೋಡಿದ್ದೇ ಅಂದು ಮೊದಲು. ಚೌಕಟ್ಟಿನ ಲೆಕ್ಕಕ್ಕೂ ಬಲೆಯ ಲೆಕ್ಕಕ್ಕೂ ಒಂದು ಸ್ಥಿರವಾದ ಸಂಬಂಧ ಸಿಕ್ಕಿದ್ದರೆ ಹಳೆಯ ಅಂಕಿಗಳನ್ನು ಸರಿಪಡಿಸಬಹುದಿತ್ತು. ಸಿಗಲಿಲ್ಲ. ಒಂದು ಚೌಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಸಿಕ್ಕಿದ್ದರೂ ಅದು ಇವತ್ತಿನ ಕೈಯ ಲೆಕ್ಕವಾಗುತ್ತಿತ್ತು. ಎರಡು ವರ್ಷದ ಹಿಂದೆ, ಒಂದು ವರ್ಷದ ಹಿಂದೆ ಆ ಕೈ ಎಷ್ಟು ನೋಯುತ್ತಿತ್ತೆಂದು ಯಾವ ಚೌಕಟ್ಟು ಹೇಳೀತು?

ಕುರಿಯನ್ ಸಾರ್ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅವರ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

“ಉಪಕರಣ ಅಂದಮೇಲೆ ಸವೆಯುತ್ತೆ, ಗಿರಿಜಾ. ಎಲ್ಲ ಉಪಕರಣವೂ ಸವೆಯುತ್ತೆ.”

“ಉಪಕರಣ ಅಲ್ಲ ಸಾರ್, ಕೈ.”

ಅವರು ಕನ್ನಡಕ ಹಾಕಿಕೊಂಡರು. ಆಮೇಲೆ, “ಹೇಳಿದರೆ ಆ ಹುಲ್ಲುಗಾವಲು ಹೋಗುತ್ತೆ. ಓಮನಳ ಕೆಲಸವೂ ಹೋಗುತ್ತೆ. ಅದು ಗೊತ್ತಲ್ಲ ನಿನಗೆ?” ಎಂದರು.

“ಹೇಳದಿದ್ದರೆ?”

“ಹೇಳದಿದ್ದರೆ ಯಾರಿಗೂ ಗೊತ್ತಾಗಲ್ಲ.” ಮತ್ತೆ ಕನ್ನಡಕ ಒರೆಸಿದರು. “ನನ್ನನ್ನು ಕೇಳಬೇಡ. ಕೈ ಬದಲಾಗಬಾರದು ಅಂತ ಹೇಳಿದವನು ನಾನು. ಕೈ ಹೇಗಿದೆ ಅಂತ ಒಂದು ದಿನ ಕೇಳಿದವನಲ್ಲ.”

ಕೊಚ್ಚಿಗೆ ಬೆಳಗಿನ ರೈಲಿನಲ್ಲಿ ಹೋದೆ. ದಾರಿಯುದ್ದಕ್ಕೂ ಎರಡು ಥರದ ಭಾಷಣ ಸಿದ್ಧಪಡಿಸಿಕೊಂಡೆ, ಒಂದರಲ್ಲಿ ಕೈಯ ವಿಷಯ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಆಲಪ್ಪುಳ ದಾಟುವಾಗ ಬಾಳೆಹಣ್ಣಿನ ಬಜ್ಜಿ ಬಂತು. ಇಷ್ಟು ಸಂಕಟದಲ್ಲೂ ಎರಡು ತಿಂದೆ, ಕೈ ಒರೆಸಿಕೊಳ್ಳುತ್ತ ನನ್ನ ಹಸಿವಿನ ಬಗ್ಗೆ ನನಗೇ ನಾಚಿಕೆಯಾಯಿತು. ಎರ್ನಾಕುಲಂನಲ್ಲಿ ಇಳಿದು ಮೆಟ್ರೊ ಹಿಡಿದು ಕಲೂರಿಗೆ ಹೋಗುವವರೆಗೂ ಯಾವ ಭಾಷಣವೆಂದು ತೀರ್ಮಾನವಾಗಿರಲಿಲ್ಲ.

ಸಭೆಯ ಕೋಣೆ ನಾಲ್ಕನೆಯ ಮಹಡಿಯಲ್ಲಿ, ಎಸಿಯ ಚಳಿ. ಕಂಪನಿಯವರ ಪರವಾಗಿ ಒಬ್ಬ ಚುರುಕಿನ ತಜ್ಞರು ಬಂದಿದ್ದರು. ಅವರು ನಮ್ಮ ಹುಲ್ಲುಗಾವಲಿಗೆ ಒಂದೇ ಒಂದು ದಿನ ಹೋಗಿದ್ದರು. ಪರದೆಯ ಮೇಲೆ ಬಂದ ಚಿತ್ರದಲ್ಲಿ ಅವರ ಕಡೆಯವರು ರೇನ್‌ಕೋಟು ಹಾಕಿಕೊಂಡು ಬಲೆ ಹಿಡಿದು ನಿಂತಿದ್ದರು. ನೆತ್ತಿಯ ಮೇಲಿನ ಹೊತ್ತು, ತುಂತುರು ಮಳೆ. ಬಲೆಯ ಬಟ್ಟೆ ನೆನೆದು ಜೋತುಬಿದ್ದದ್ದು ನನ್ನ ಕುರ್ಚಿಯಿಂದಲೇ ಕಾಣುತ್ತಿತ್ತು. ಇಲ್ಲಿ ಹೇಳಿಕೊಳ್ಳುವಂಥ ಕೀಟಗಳೇನೂ ಇಲ್ಲ, ಇದು ಸಾಧಾರಣ ಬಂಜರು ಎಂದರು ಅವರು. ದನಿ ಎಲ್ಲಿಯೂ ನಡುಗಲಿಲ್ಲ.

“ಒದ್ದೆ ಬಲೆಯಲ್ಲಿ ಹಿಡಿದ ಲೆಕ್ಕ ನಿಲ್ಲುತ್ತದೆಯೆ?” ಎಂದು ಕೇಳಿದೆ.

“ನಾವು ಅನುಸರಿಸಿದ್ದು ಅಂಗೀಕೃತ ವಿಧಾನ, ಮೇಡಂ” ಎಂದು ಮುಗುಳ್ನಕ್ಕರು.

ನನ್ನ ಸರದಿ ಬಂತು. ಗೆರೆಯನ್ನು ತೋರಿಸಿದೆ. ಅಧ್ಯಕ್ಷರು ಮೆಚ್ಚಿದರು. ಒಂಬತ್ತು ವರ್ಷದ ಕೆಲಸ ಅಪರೂಪ ಎಂದರು. ನಂತರ ಸುಮ್ಮನೆ ವಾಡಿಕೆಗೆಂಬಂತೆ ಕೇಳಿದರು: “ಈ ಅಂಕಿಗಳು ನಂಬಲರ್ಹ ಎಂದು ನೀವು ಹೇಳುತ್ತೀರಿ, ಅಲ್ಲವೆ?”

‘ಹೌದು’ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. ಬಲೆ ಬೀಸುವವರ ಭುಜದ ನೋವು, ಎಡಗೈ, ಅದೇ ಮಳೆಗಾಲ, ನಾಲ್ಕು ದಿನದ ಪರೀಕ್ಷೆ ಎಲ್ಲವನ್ನೂ ಹೇಳಿದೆ. ಇಳಿದದ್ದರಲ್ಲಿ ಎಷ್ಟು ಪಾಲು ಹುಳದ್ದು, ಎಷ್ಟು ಪಾಲು ಕೈಯದ್ದು ಎಂದು ನನಗೆ ಗೊತ್ತಿಲ್ಲ ಎಂದೆ. ಹುಳ ಕಡಿಮೆಯಾಗಿಯೇ ಇಲ್ಲ ಎಂದು ಇದರ ಅರ್ಥವಲ್ಲ ಎಂದೂ ಹೇಳಿದೆ. ಆ ಕೊನೆಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ತಜ್ಞರು ಮಾತ್ರ ನನ್ನ ಪ್ರಾಮಾಣಿಕತೆಯನ್ನು ಮನಸಾರೆ ಹೊಗಳಿದರು.

ಎರಡು ವಾರದ ಮೇಲೆ ಬಂದ ವರದಿಯಲ್ಲಿ ಅಂಕಿಅಂಶಗಳು ಅನಿಶ್ಚಿತ ಎಂದಿತ್ತು. ಒಂಬತ್ತು ವರ್ಷದ ಲೆಕ್ಕವೂ ಒಂದು ಮಧ್ಯಾಹ್ನದ ಲೆಕ್ಕವೂ ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಸಮಸಮವಾಗಿ ಕೂತಿದ್ದವು. ವ್ಯತ್ಯಾಸವೆಂದರೆ ಅವರ ಸಾಲಿನ ಮುಂದೆ ಯಾವ ದೋಷವೂ ನಮೂದಾಗಿರಲಿಲ್ಲ. ನನ್ನ ಸಾಲಿನ ಮುಂದೆ ನಾನೇ ಹೇಳಿದ ದೋಷವಿತ್ತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅದರಲ್ಲಿ ನಿಲ್ಲಲು ನನಗೂ ಇಷ್ಟವಿಲ್ಲ. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಮಣ್ಣು ಬಿತ್ತು. ನಮ್ಮ ಯೋಜನೆ ನಿಂತುಹೋಯಿತು, ದಿನಗೂಲಿ ಪಟ್ಟಿಯಿಂದ ಓಮನ ಚೇಚ್ಚಿಯ ಹೆಸರು ಹೋಯಿತು. ಕುರಿಯನ್ ಸಾರ್ ನಿವೃತ್ತರಾಗಿ ಕೋಟ್ಟಯಂಗೆ ಹೋದರು. ನನ್ನನ್ನು ಸಂಗ್ರಹಾಲಯದ ವಿಭಾಗಕ್ಕೆ ಹಾಕಿದ್ದಾರೆ. ಸತ್ತು ಬಹಳ ಕಾಲವಾದ ಹುಳಗಳ ಪೆಟ್ಟಿಗೆಗೆ ಹೊಸ ಚೀಟಿ ಬರೆಯುವ ಕೆಲಸ. ಪೆನ್ನು ಹಿಡಿದು ಕೂತಿರುತ್ತೇನೆ, ಯಾರದೋ ಅಕ್ಷರದಲ್ಲಿ ಬರೆದ ‘ಹೇರಳ’, ‘ವಿರಳ’ ಎಂಬ ಮಾತುಗಳನ್ನು ನೋಡುತ್ತೇನೆ. ಹೇರಳ ಎಂದು ಬರೆದವರು ಅಂದು ಎಷ್ಟು ಹೊತ್ತು ನಡೆದಿದ್ದರು? ವಿರಳ ಎಂದವರಿಗೆ ಅಂದು ಜ್ವರವಿತ್ತೆ? ಹಾಗೆ ಯೋಚಿಸುತ್ತ ಕೂತರೆ ಸಂಜೆಯಾಗುತ್ತದೆ, ಚೀಟಿ ಒಂದೂ ಮುಗಿದಿರುವುದಿಲ್ಲ. ಮನೆಯಲ್ಲಿ ಇವರು, “ಇನ್ನೊಂದು ಜಾಗ ಹುಡುಕಿ ಮತ್ತೆ ಶುರು ಮಾಡು” ಎನ್ನುತ್ತಾರೆ. ಒಂಬತ್ತು ವರ್ಷವನ್ನು ಎರಡು ಸಲ ಬದುಕಲು ಆಗುವವರು ಹಾಗೆ ಹೇಳಬಹುದು.

ಓಮನ ಚೇಚ್ಚಿಯನ್ನು ಭೇಟಿಯಾಗಲು ನನಗೆ ಧೈರ್ಯವಿರಲಿಲ್ಲ. ಆರು ತಿಂಗಳು ಫೋನು ಕೂಡ ಮಾಡಲಿಲ್ಲ. ಕೊನೆಗೆ ಅವಳೇ ಮಾಡಿದಳು. ಭುಜ ತೋರಿಸಲು ಮೆಡಿಕಲ್ ಕಾಲೇಜಿಗೆ ಬರುತ್ತಿದ್ದೇನೆ, ನಿಮ್ಮ ಮನೆ ಹತ್ತಿರವೇ ಅಲ್ಲವೆ ಎಂದಳು.

ಹೋದೆ. ಫಿಸಿಯೋಥೆರಪಿಯ ಹೊರಗಿನ ಉದ್ದನೆಯ ಬೆಂಚಿನಲ್ಲಿ ಕೂತಿದ್ದಳು. ಅಂಗಿಯಿಲ್ಲ, ಟವೆಲ್ ಇಲ್ಲ. ಇಸ್ತ್ರಿ ಮಾಡಿದ ಸೀರೆ. ಮೊದಲ ಕ್ಷಣ ಗುರುತೇ ಸಿಗಲಿಲ್ಲ. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಮಲ್ಲಿಕಾ ಹೇಗಿದ್ದಾಳೆ ಎಂದು ಕೇಳಿದಳು. ಹಾರ್ಬರಿನ ಹತ್ತಿರ ಸೀಗಡಿ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದೇನೆ, ಕೂತು ಮಾಡುವ ಕೆಲಸ, ಕೈ ಎತ್ತಬೇಕಾಗಿಲ್ಲ ಎಂದಳು. ನನ್ನ ಮೇಲೆ ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಕೊಚ್ಚಿಯಲ್ಲಿ ಏನು ಹೇಳಿದೆ, ಮೋಳೇ? ಕಡಿಮೆಯಾಗಿದ್ದು ಹುಳ ಅಲ್ಲ, ಓಮನಳ ಕೈ ಅಂತಲಾ?”

“ಇಲ್ಲ ಚೇಚ್ಚಿ. ನನಗೆ ಗೊತ್ತಿಲ್ಲ ಅಂತ ಹೇಳಿದೆ.”

ಅವಳು ನನ್ನ ಮುಖವನ್ನೇ ನೋಡಿದಳು. ನಿಜವಾಗಿಯೂ ಆಶ್ಚರ್ಯವಾದಂತೆ.

“ನನಗೆ ಗೊತ್ತಿತ್ತಲ್ಲ” ಎಂದಳು. “ನನ್ನನ್ನ ಯಾಕೆ ಕೇಳಲಿಲ್ಲ?”

“ನಿಮಗೆ ಹೇಗೆ ಗೊತ್ತು?”

“ಮೊದಲು ಹುಲ್ಲಿನೊಳಗೆ ನಡೆದರೆ ಹೆಜ್ಜೆ ಹೆಜ್ಜೆಗೂ ಮಿಡತೆ ಹಾರಿ ಬಂದು ಮೊಣಕಾಲಿಗೆ ಬಡೀತಿತ್ತು. ಲುಂಗಿ ಎತ್ತಿ ಕಟ್ಟಿದ್ದರೆ ಕಾಲೆಲ್ಲ ಚುರುಚುರು. ಮಣ್ಣು ಹಾಕಿದ ಮೇಲೆ ಅದು ಕಡಿಮೆ ಆಯ್ತು. ಕೊನೆಯ ವರ್ಷ ಈ ತುದಿಯಿಂದ ಆ ತುದಿಗೆ ನಡೆದರೂ ಒಂದೂ ಬಡೀತಿರಲಿಲ್ಲ.” ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. “ನೋವು ಇದ್ದದ್ದು ಕೈಗೆ, ಮೋಳೇ. ಕಾಲಿಗೆ ಏನೂ ಆಗಿರಲಿಲ್ಲ.”

ನಾನು ಯಾವಾಗಲೂ ಮೊಣಕಾಲಿನವರೆಗಿನ ಗಮ್‌ಬೂಟು ಹಾಕಿಕೊಂಡು ಅವಳ ಹಿಂದೆ ನಡೆಯುತ್ತಿದ್ದೆ, ಹಾವಿನ ಹೆದರಿಕೆಗೆ. ಒಳಗಿನಿಂದ ಅವಳ ಟೋಕನ್ ನಂಬರ್ ಕೂಗಿದರು. ಎಡಗೈಯನ್ನು ಬೆಂಚಿಗೆ ಊರಿ ಎದ್ದಳು, ಸೀರೆಯ ಸೆರಗು ಭುಜದಿಂದ ಜಾರಿತು. ನಾನು ಅದನ್ನು ಎತ್ತಿ ಸರಿಪಡಿಸಿದೆ. ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡ ಸ್ವಲ್ಪ ಹೊತ್ತಿಗೆ, ಕೈಯನ್ನು ಯಾರೋ ಮೇಲಕ್ಕೆ ಎತ್ತಿಸುತ್ತಿರಬೇಕು, ಅವಳು ಒಮ್ಮೆ ನರಳಿದ್ದು ಕೇಳಿಸಿತು. “ಇಷ್ಟು ಸಾಕಾ, ಇನ್ನೂ ಮೇಲಕ್ಕೆ ಬೇಕಾ?” ಎಂದು ಅವಳು ಕೇಳುತ್ತಿದ್ದಳು.